ಓಡುವ ಮೊದಲು ಏನಾಯಿತು?

ನನ್ನ ಅಕ್ಕನ ಮಗಳ ಎದುರು ಯಾರನ್ನಾದರೂ ಒಳ್ಳೆಯವರೆಂದು ಹೊಗಳುವುದೂ ಅಪಾಯ, ಕೆಟ್ಟವರೆಂದು ಬೈಯುವುದೂ ಅಪಾಯ! ಎರಡಕ್ಕೂ ಆಕೆ ಸಾಕ್ಷ್ಯ ಕೇಳುತ್ತಾಳೆ. ಶಾಸನಗಳ ಕಾಲನಿರ್ಣಯದಲ್ಲೇ ಆಯುಷ್ಯ ಸವೆಸಿ, ಎರಡು ಆಧಾರಗಳು ತಾಳೆಯಾಗದ ಹೊರತು ಯಾವ ತಾರೀಖನ್ನೂ ನಂಬದ ನಾನೇ ಆಕೆಯ ಮುಂದೆ ಗಾಳಿಮಾತಿನವನಂತೆ ಕಾಣುತ್ತೇನೆಂದರೆ, ಉಳಿದವರ ಪಾಡೇನು?

ಆಕೆಯ ಉದ್ಯೋಗದ ಹೆಸರು ವರ್ತನಾ ವಿಶ್ಲೇಷಕಿ. ಸೇಡಂನ ಕಾಲೇಜೊಂದರಲ್ಲಿ ಪಾಠ ಹೇಳಿ, ಬಿಡುವಿನ ದಿನಗಳಲ್ಲಿ ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳ ಸರ್ಕಾರಿ ಶಾಲೆಗಳಿಗೆ ಸಲಹೆಗಾರ್ತಿಯಾಗಿ ಹೋಗುತ್ತಾಳೆ. ತರಗತಿಯಲ್ಲಿ ಚೀರುವ, ಕಚ್ಚುವ, ಓಡುವ ಮಕ್ಕಳು ಹಾಗೇಕೆ ಮಾಡುತ್ತಾರೆಂದು ಕಂಡುಹಿಡಿದು ದಾರಿ ಸೂಚಿಸುವುದು ಕೆಲಸ. ಇಷ್ಟು ಉದ್ದದ ಹುದ್ದೆಯನ್ನು ಉಚ್ಚರಿಸಲು ಯಾರಿಗೆ ಪುರುಸೊತ್ತು? ಜನ ಆಕೆಯನ್ನು 'ಚಾಳಿ ಬಿಡಸೋ ಮೇಡಂ' ಮಾಡಿದರು. ಕುರಕುಂಟಾದ ಒಬ್ಬಾತ ತನ್ನ ಹೋರಿಯನ್ನೇ ಹಿಡಿದುಕೊಂಡು ಬಂದದ್ದುಂಟು, ಅದು ಹಾಯುತ್ತಿತ್ತಂತೆ. ಆಕೆ ಹಿಂದೆ ಸರಿದಳೆಂದುಕೊಂಡಿರಾ? ಹಾಯುವ ಮೊದಲು ಏನಾಗುತ್ತದೆಂದು ಅಂಗಳದಲ್ಲೇ ವಿಚಾರಣೆ ಆರಂಭಿಸಿದಳು!

ಚಿಂಚೋಳಿಯ ಮದುವೆಯೊಂದರಲ್ಲಿ ಹಿರಿಯ ಹೆಂಗಸೊಬ್ಬರು, ತಮ್ಮ ಅಳಿಯ ಭಾಳ ಸಿಟ್ಟಿನವರೆಂದು ನಿಟ್ಟುಸಿರಿಟ್ಟರು.

"ಸಿಟ್ಟು ಅಂದ್ರ ನೀವು ಕಣ್ಣಿಲೆ ನೋಡಿದ್ದು ಏನ್ರಿ, ಅತ್ತಿ?" ಎಂದಳು ಈಕೆ.

ಗೋಡೆಗೆ ಬಡಿಯುವಂತೆ ತಾಟು ಒಗೆಯುತ್ತಾರೆ ಎಂದರು. ಒಗೆದ ಮೇಲೆ ನೀವೇನು ಮಾಡುತ್ತೀರಿ? ಹೊಸ ತಾಟಿನಲ್ಲಿ ಬಿಸಿ ರೊಟ್ಟಿ, ಮೇಲೊಂದಿಷ್ಟು ತುಪ್ಪ.

"ಮತ್ತ ಅವರು ಯಾಕ ಒಗಿಬಾರ್ದು? ತುಪ್ಪ ಸಿಗೂದಿದ್ರ ನಾನೂ ಒಗೀತಿದ್ದೆ."

ಆ ಅಳಿಯಂದಿರು ಪಕ್ಕದ ಪಂಕ್ತಿಯಲ್ಲೇ ಕುಳಿತಿದ್ದರು. ಅಂದಿನ ಊಟವನ್ನು ಅವರು ಅತ್ಯಂತ ಶಾಂತರಾಗಿ ಮುಗಿಸಿದರು.

ನಾನೂ ಪಾರಾಗಲಿಲ್ಲ. ಯಾರಾದರೂ ತಪ್ಪು ಇಸವಿ ಹೇಳಿದರೆ ನಡುವೆ ಬಾಯಿ ಹಾಕಿ ತಿದ್ದುವುದು ನನ್ನ ರೂಢಿ. ಕೆಲಕಾಲದಿಂದ, ನಾನು ತಿದ್ದಿದಾಗ ಮನೆಮಂದಿಯೆಲ್ಲ ತಲೆಯೆತ್ತಿ ಪಂಖಾ ನೋಡುವುದೂ, ಸುಮ್ಮನೆ ಕೇಳಿಸಿಕೊಂಡಾಗ ಹೆಂಡತಿ ಚಹಾ ತರುವುದೂ ಗಮನಕ್ಕೆ ಬಂತು. ಪಿತೂರಿಯ ಮೂಲ ಯಾರೆಂದು ಹೇಳಬೇಕೆ? ವಿಷಾದದ ಸಂಗತಿಯೆಂದರೆ, ಅಷ್ಟರಲ್ಲಿ ನಾನು ಪಳಗಿಬಿಟ್ಟಿದ್ದೆ!

ಇಂತಹವಳ ಹಿಂದೆ ನಾನೊಮ್ಮೆ ವಾಡಿಯ ಕಡೆಗೆ ಹೋದೆ. ಆಚೆ ಸುಣ್ಣಗಲ್ಲಿನ ಗಣಿ, ಈಚೆ ರೈಲು ಹಳಿ, ನಡುವೆ ಶಾಲೆ. ಅಲ್ಲಿ ಎರಡನೆಯ ಇಯತ್ತೆಯ ಹುಡುಗಿಯೊಬ್ಬಳು, ಮಾತು ಬಹಳ ಕಡಿಮೆ, ಮಧ್ಯಾಹ್ನದ ಹೊತ್ತಿಗೆ ಇದ್ದಕ್ಕಿದ್ದಂತೆ ಎದ್ದು ಹೊರಗೆ ಓಡುತ್ತಿದ್ದಳು. ಅದೂ ಹಳಿಗಳ ಕಡೆಗೆ. ಹೆಡ್‌ಮಾಸ್ತರರು ಕಠಿಣ ಮನುಷ್ಯರಲ್ಲ, ಹೆದರಿದ ಮನುಷ್ಯರು. ತಿಂಗಳೊಳಗೆ ಓಟ ನಿಲ್ಲದಿದ್ದರೆ ಆಕೆಯನ್ನು ಕಲಬುರಗಿಯ ವಸತಿಶಾಲೆಗೆ ಕಳಿಸುವುದೆಂದು ನಿಶ್ಚಯಿಸಿದ್ದರು.

"ಏನರೆ ಹೆಚ್ಚುಕಮ್ಮಿ ಆದ್ರ ಅವರವ್ವಗ ನಾ ಯಾವ ಮಾರಿ ತೋರಸ್ಲಿ?" ಎಂದರು.

ಬಾಗಿಲ ಬಳಿ ನಿಂತಿದ್ದ ತಾಯಿ ಇಷ್ಟೇ ಹೇಳಿದಳು: "ನನ್ನ ಕೂಸು ನನ್ನ ಬಿಟ್ಟು ಮಲಗಂಗಿಲ್ರಿ, ಸರ."

ನಮ್ಮ ಮೇಡಂ ಹುಡುಗಿಯ ಪಕ್ಕ, ಮಕ್ಕಳ ಬೆಂಚಿನಲ್ಲೇ, ಮೊಣಕಾಲು ಗದ್ದಕ್ಕೆ ತಾಗುವಂತೆ ಕುಳಿತಳು. ಮಧ್ಯಾಹ್ನ ಗಣಿಯ ಕಡೆಯಿಂದ ಸೈರನ್ ಕೂಗಿತು. ಹುಡುಗಿ ಕಿವಿ ಮುಚ್ಚಿಕೊಂಡು ಓಡಿದಳು; ಅಂಗಳದಲ್ಲಿ ತಾಯಿ ಹಿಡಿದುಕೊಂಡಳು.

"ಓಡೂಕಿಂತ ಮೊದಲ ಏನಾಯ್ತ್ರಿ, ಸರ?"

"ಏನೂ ಆಗಿಲ್ರಿ. ಸುಮ್ಮನ ಓಡ್ತದ."

ಅವರು ಹೀಗೆನ್ನುತ್ತಿರುವಾಗಲೇ ಗಣಿಯಲ್ಲಿ ಬಂಡೆ ಸಿಡಿಯಿತು! ಕಿಟಕಿಗಳು ಗಡಗಡಿಸಿದವು, ಸೂರಿನಿಂದ ಧೂಳು ಉದುರಿತು, ನಾನು ತಲೆಯ ಮೇಲೆ ಕೈಯಿಟ್ಟು ಕುಕ್ಕರಿಸಿದೆ. ಹೆಡ್‌ಮಾಸ್ತರರು? ಮಾತು ನಿಲ್ಲಿಸದೆ ಚಹಾದ ಕಪ್ಪಿನ ಮೇಲೆ ಅಂಗೈ ಮುಚ್ಚಿದರು. ಪಕ್ಕದ ಶಿಕ್ಷಕಿಯೂ ಮುಚ್ಚಿದರು. ಧೂಳು ಇಳಿದ ಮೇಲೆ ಕೈ ತೆಗೆದು, ಒಂದು ಗುಟುಕು ಕುಡಿದು, ಏನೂ ಆಗಿಲ್ಲವೆಂದು ಮತ್ತೊಮ್ಮೆ ಖಾತ್ರಿಪಡಿಸಿದರು. ಸೇವೆಯೆಲ್ಲ ಅಲ್ಲೇ ಕಳೆದವರ ಕಿವಿಗೆ ಆ ಸದ್ದು ಕೇಳಿಸುವುದೇ ನಿಂತುಹೋಗಿತ್ತು. ಅಂಗೈಗೆ ಮಾತ್ರ ಕೇಳಿಸುತ್ತಿತ್ತು!

ಬಂಡೆ ಸಿಡಿಸುವ ಮುನ್ನೆಚ್ಚರಿಕೆಯಾಗಿ ಕೂಗುವ ಸೈರನ್ನೇ ಓಟದ ಕಾರಣವೆಂದು ಮೇಡಂ ವಿವರಿಸಿದಾಗ ಅವರು ಸುಲಭಕ್ಕೆ ಒಪ್ಪಲಿಲ್ಲ. ಸೈರನ್ನೇ ಕಾರಣವಾದರೆ ಬುಧವಾರ ಆಕೆ ಓಡುವುದಿಲ್ಲವೇಕೆ? ಆಹಾ, ಇದು ನನ್ನ ಕ್ಷೇತ್ರ! ಗಣಿಯೆದುರಿನ ಚಹಾದಂಗಡಿಯಲ್ಲಿ ಒಂದು ಆಧಾರ, ಸ್ಟೇಷನ್ನಿನ ಹಮಾಲರಲ್ಲಿ ಇನ್ನೊಂದು: ಬುಧವಾರ ಬಂಡೆ ಸಿಡಿಸುವುದಿಲ್ಲ, ಹಾಗಾಗಿ ಸೈರನ್ನೂ ಕೂಗುವುದಿಲ್ಲ. ಎರಡೂ ತಾಳೆಯಾದವು. ಇಂತಹ ಸಂಭ್ರಮವನ್ನು ನನಗೆ ಯಾವ ಶಾಸನವೂ ಕೊಟ್ಟಿರಲಿಲ್ಲ.

ಇನ್ನು ಉಪಾಯ. ಸೈರನ್ನಿಗೆ ನಿಗದಿತ ವೇಳೆಯಿದೆ. ಅದಕ್ಕೆ ತುಸು ಮುಂಚೆ ಹೆಡ್‌ಮಾಸ್ತರರು ತರಗತಿಗೆ ಬಂದು ತಮ್ಮ ಎರಡೂ ಕಿವಿ ಮುಚ್ಚಿಕೊಳ್ಳಬೇಕು. ಇಡೀ ತರಗತಿ ಅವರನ್ನು ಅನುಸರಿಸಬೇಕು. ಒಬ್ಬಳೇ ಮುಚ್ಚಿಕೊಂಡರೆ ಮಕ್ಕಳು ನಗುತ್ತಾರೆ. ಎಲ್ಲರೂ ಮುಚ್ಚಿಕೊಂಡರೆ ಅದೇ ಶಾಲೆಯ ಪದ್ಧತಿ. ಹೆಡ್‌ಮಾಸ್ತರರು ನಾಚಿಕೊಳ್ಳುತ್ತಲೇ ಮುಚ್ಚಿಕೊಂಡರು. ಹುಡುಗಿ ಆಗಲೂ ಓಡಿದಳು, ಆದರೆ ಗೇಟಿನ ತನಕ ಮಾತ್ರ. ಬಳಿಕ ಒಂದು ದಿನ ಹೊಸ್ತಿಲಲ್ಲೇ ನಿಂತಳು. ಮೇಡಂ ಶಾಲೆಗೆಲ್ಲ ಪೇಡೆ ಹಂಚಿಸಿದಳು!

"ಹೊಸ್ತಿಲದಾಗ ನಿಂತದ್ದಕ್ಕ ಪೇಡಾ ಏನ್ರಿ, ಮೇಡಂ?" ಎಂದರು ಹೆಡ್‌ಮಾಸ್ತರರು.

"ನಿನ್ನಿ ಗೇಟ್ ತನಕಾ ಹೋಗಿತ್ರಿ. ನೀವು ಮೆಟ್ರಿಕ್ ಪಾಸಾದಾಗ ಹಂಚಿದ್ದಿಲ್ಲೇನು?"

ತಿಂಗಳು ತುಂಬಿದ ದಿನ ನಾನೂ ಹೋಗಿದ್ದೆ. ತಾಯಿ ಕಿಟಕಿಯ ಹೊರಗೆ ನಿಂತಿದ್ದಳು. ಹೊತ್ತಾಯಿತು. ಹೆಡ್‌ಮಾಸ್ತರರು ಕಿವಿ ಮುಚ್ಚಿಕೊಂಡರು, ಮಕ್ಕಳು ಮುಚ್ಚಿಕೊಂಡರು, ನಾನೂ ಮುಚ್ಚಿಕೊಂಡೆ. ಮೇಡಂ ಒಬ್ಬಳಿಗೆ ಆಗಲಿಲ್ಲ: ಒಂದು ಕೈಯಲ್ಲಿ ಗಡಿಯಾರ, ಇನ್ನೊಂದರಲ್ಲಿ ಪೆನ್ನು.

ಸೈರನ್ ಕೂಗಿತು. ಹುಡುಗಿ ಎದ್ದುನಿಂತಳು. ತಾಯಿ ಸೆರಗು ಬಿಗಿದು ಅಂಗಳಕ್ಕೆ ಓಡಲು ಅಣಿಯಾದಳು.

ಹುಡುಗಿ ಬಾಗಿಲಿನತ್ತ ಹೋಗಲಿಲ್ಲ. ಬೆಂಚು ಬಳಸಿ ಬಂದು ಮೇಡಂ ಹಿಂದೆ ನಿಂತಳು. ತನ್ನ ಕಿವಿಗಳ ಮೇಲಿದ್ದ ಕೈಗಳನ್ನು ತೆಗೆದು ಆಕೆಯ ಕಿವಿಗಳ ಮೇಲಿಟ್ಟಳು.

ಬಂಡೆ ಸಿಡಿಯಿತು. ಹುಡುಗಿ ಕಣ್ಣುಗಳನ್ನು ಬಿಗಿಯಾಗಿ ಮುಚ್ಚಿದಳು, ಕೈ ತೆಗೆಯಲಿಲ್ಲ.

ಹೆಡ್‌ಮಾಸ್ತರರು ಕಿಟಕಿಯ ಬಳಿ ಹೋಗಿ ತಾಯಿಗೆ ಮೆಲ್ಲಗೆ ಹೇಳಿದರು: "ನಾಳಿ ಜಲ್ದಿ ಕಳಸವಾ. ಪ್ರಾರ್ಥನಾಕ್ಕ ತಡಾ ಆಗ್ತದ."

ಧೂಳು ಇಳಿದಿತ್ತು. ಆ ಪುಟ್ಟ ಕೈಗಳು ತಾವಾಗಿಯೇ ಇಳಿಯುವ ತನಕ ನನ್ನ ಅಕ್ಕನ ಮಗಳು ಅಲುಗಾಡದೆ ಕುಳಿತಿದ್ದಳು.