ಗಂಟೆಗೋಪುರದ ಮೇಲೆ ನನ್ನ ಹೆಸರು

ಈ ಮುನಿತಾಯಮ್ಮ ಒಂದು ಸಲ ಮನಸ್ಸು ಮಾಡಿದಳೆಂದರೆ ಮಾಡಿದಳೇ! ಆಯುಧಪೂಜೆ ಮುಗಿಯುವುದರೊಳಗೆ ಗಂಟೆಗೋಪುರದ ಎಂಟೂ ಮಹಡಿ ಹತ್ತಿ, ತುದಿಯ ಗಂಟೆ ಹೊಡೆದು, ಅಲ್ಲಿ ನನ್ನ ಹೆಸರು ಬರೆಯದೆ ಹೋದರೆ ನಾನು ಮೂಡಲಪಾಳ್ಯದ ಸೊಸೆಯೇ ಅಲ್ಲ!

ಹೀಗೆಂದು ನಾನು ಶಪಥ ಮಾಡಿದ್ದು ಎರಡು ಸಾವಿರದ ಆರನೇ ಇಸವಿಯಲ್ಲಿ, ಅಡಿಗೆಮನೆಯಲ್ಲಿ ಹುರುಳಿಕಾಯಿ ನಾರು ತೆಗೆಯುತ್ತಾ. ಎದುರಿಗೆ ಯಾರೂ ಇರಲಿಲ್ಲ. ನನ್ನ ಶಪಥಗಳಿಗೆಲ್ಲ ಯಾವಾಗಲೂ ತರಕಾರಿಯೇ ಸಾಕ್ಷಿ.

ಅರವತ್ತಮೂರು ವರ್ಷದ, ಮಂಡಿ ನೋವಿನ ಹೆಂಗಸು ಗೋಪುರ ಹತ್ತುವುದೇ ಎಂದು ಗಾಬರಿಯಾಗಬೇಡಿ. ಗೋಪುರ ಇದ್ದದ್ದು ಟೀವಿಯೊಳಗೆ.

ನಮ್ಮ ಯಜಮಾನರು ಕಾರ್ಖಾನೆಯಲ್ಲಿ ಮೂವತ್ತಾರು ವರ್ಷ ಇನ್‌ಸ್ಪೆಕ್ಷನ್ ವಿಭಾಗದಲ್ಲಿದ್ದವರು. ಬೇರೆಯವರು ಮಾಡಿದ ಮಾಲನ್ನು ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿ, ‘ಓಕೆ’, ‘ರೀವರ್ಕ್’, ‘ರಿಜೆಕ್ಟ್’ ಈ ಮೂರರಲ್ಲಿ ಒಂದನ್ನು ಬರೆಯುವುದು ಅವರ ಕೆಲಸ. ನಿವೃತ್ತಿಯಾದ ಮೇಲೆ ಆ ಒಂದು ಕಣ್ಣು ಮನೆಯ ಮೇಲೆ ಬಿತ್ತು. ನನ್ನ ಸಾರು ವಾರಕ್ಕೆರಡು ಸಲ ರೀವರ್ಕಿಗೆ ಹೋಗತೊಡಗಿತು. ಉಪ್ಪಿಟ್ಟು ನೇರ ರಿಜೆಕ್ಟ್! ರಂಗೋಲಿಯ ಎಡಗಡೆ ಎಳೆ ಬಲಗಡೆಗಿಂತ ದಪ್ಪವಾಗಿದೆಯೆಂದು ಗೇಟಿನ ಹತ್ತಿರ ಸ್ಕೇಲು ಹಿಡಿದು ಕೂತದ್ದೂ ಉಂಟು.

ನನ್ನನ್ನು ಕಾಪಾಡಿದ್ದು ಮಗಳು ಪ್ರಭಾ. ಕೆಂಗೇರಿ ಉಪನಗರದಲ್ಲಿ ಸಂಸಾರ ಹೂಡಿರುವ ಅವಳು ಒಂದು ಭಾನುವಾರ ಬಂದು ನಮ್ಮ ಅಟ್ಟ ಗುಡಿಸುವಾಗ ಒಂದು ಚೀಲ ಕೆಳಗೆ ಹಾಕಿದಳು. ಒಳಗೆ ಅವಳು ಹೈಸ್ಕೂಲಿನಲ್ಲಿದ್ದಾಗ ಆಡುತ್ತಿದ್ದ ಟೀವಿ ಗೇಮ್ ಪೆಟ್ಟಿಗೆ, ಹನ್ನೊಂದು ಕ್ಯಾಸೆಟ್ಟು.

“ಅಪ್ಪಾ, ಇವೆಲ್ಲ ಈಗ ಕ್ಲಾಸಿಕ್ ಅಂತೆ. ನನಗೇನೂ ಬೇಡ. ಬಿಸಾಕ್ಲಾ?”

“ಬಿಸಾಕೋಕೆ ನೀನ್ಯಾರು? ಮೊದ್ಲು ಇನ್‌ಸ್ಪೆಕ್ಷನ್ ಆಗ್ಲಿ!”

ಅಲ್ಲಿಂದ ಶುರು. ಇನ್ನೂರು ಪುಟದ ನೋಟ್‌ಬುಕ್ಕು ಬಂತು. ಯಜಮಾನರು ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಇಟ್ಟು, ಕ್ಯಾಸೆಟ್ಟಿನ ಬಾಯಿಗೆ ಶಂಖದ ಹಾಗೆ ಊದಿ, ಪೆಟ್ಟಿಗೆಗೆ ತುರುಕಿ ಕೂತರೆಂದರೆ ಊಟಕ್ಕೇ ಏಳುವುದು. ಒಂದೊಂದೇ ಆಟವನ್ನು ಮೊದಲಿನಿಂದ ಕೊನೆಯವರೆಗೆ ಆಡಿ ತೀರ್ಪು ಬರೆಯುವುದು. ಟ್ಯಾಂಕಿನ ಆಟ: ‘ಗಟ್ಟಿ ಮಾಲು. ಓಕೆ.’ ಕಾರಿನ ಆಟ: ‘ರಸ್ತೆ ಒಂದೇ, ತಿರುವೂ ಒಂದೇ. ರೀವರ್ಕ್.’ ಇಟ್ಟಿಗೆ ಜೋಡಿಸುವ ಆಟ: ‘ಒಂದು ಸಾಲು ತೆಗೆದರೆ ಮೇಲಿಂದ ಇನ್ನೊಂದು ಬೀಳುತ್ತದೆ. ಕೊನೆಯೇ ಇಲ್ಲ. ಇಂಥ ಆಟವನ್ನು ಮನುಷ್ಯ ಆಡುವುದುಂಟೇ? ರಿಜೆಕ್ಟ್.’

“ಅದು ಆಟ ಅಲ್ಲ ರೀ, ಪಾತ್ರೆ ತೊಳೆಯೋ ಕೆಲಸ. ನಲವತ್ತು ವರ್ಷದಿಂದ ಆಡ್ತಾ ಇದೀನಿ” ಅಂದೆ.

ಅದನ್ನು ಅವರು ಬರೆದುಕೊಳ್ಳಲಿಲ್ಲ.

ಹನ್ನೊಂದನೆಯ ಕ್ಯಾಸೆಟ್ಟಿನ ಚೀಟಿ ಹರಿದುಹೋಗಿತ್ತು. ಏಣಿ ಹೊತ್ತ ಒಬ್ಬ ಕುಳ್ಳ ಎಂಟು ಮಹಡಿಯ ಗೋಪುರ ಹತ್ತಿ ಗಂಟೆ ಹೊಡೆಯಬೇಕು. ಇವರೇ ಅದಕ್ಕೆ ಗಂಟೆಗೋಪುರ ಎಂದು ನಾಮಕರಣ ಮಾಡಿದರು. ಅದನ್ನು ಪ್ರಭಾ ಕೂಡ ಮುಗಿಸಿರಲಿಲ್ಲವಂತೆ. ‘ಅತ್ಯುತ್ತಮ ಮಾಲು. ಬಹಳ ಕಠಿಣ. ಬುದ್ಧಿವಂತರಿಗೆ ಮಾತ್ರ. ಓಕೆ’ ಎಂದು ಮುಗಿಸುವ ಮೊದಲೇ ಬರೆದಿಟ್ಟರು! ಆಟ ಮುಗಿದಾಗ ಜಾಸ್ತಿ ಅಂಕ ತೆಗೆದವರು ಮೂರು ಇಂಗ್ಲಿಷ್ ಅಕ್ಷರದಲ್ಲಿ ಹೆಸರು ಹಾಕಬಹುದು. ಹತ್ತು ಸಾಲಿನ ಪಟ್ಟಿ ಬರುತ್ತದೆ. ಹತ್ತರಲ್ಲೂ ಅವರದೇ ಹೆಸರು. ಸ್ವಿಚ್ ಆರಿಸಿದರೆ ಮಾತ್ರ ಪೆಟ್ಟಿಗೆ ಎಲ್ಲವನ್ನೂ ಮರೆತುಬಿಡುತ್ತದೆ. ಅದಕ್ಕೇ ಆರನೇ ಮಹಡಿ ಮುಟ್ಟಿದ ದಿನ ಸ್ನೇಹಿತರು ಬಂದು ನೋಡುವವರೆಗೆ ಮೂರು ದಿನ ಪೆಟ್ಟಿಗೆಯನ್ನೂ ಟೀವಿಯನ್ನೂ ಆರಿಸಲಿಲ್ಲ. ನಾನು ಅದರ ಬೆಳಕಿನಲ್ಲೇ ಅಕ್ಕಿ ಆರಿಸಿದೆ.

ಈಗ ನನ್ನ ಕಿವಿಯ ವಿಷಯ ಹೇಳಬೇಕು. ಓದಿದ್ದು ನಾಲ್ಕನೇ ಕ್ಲಾಸು. ಆದರೆ ಕಿವಿ ಎಂ.ಎ.! ನಲ್ಲಿಯಲ್ಲಿ ಕಾವೇರಿ ನೀರು ಬರುವುದಕ್ಕೆ ಐದು ನಿಮಿಷ ಮೊದಲೇ ಪೈಪಿನ ಉಸಿರು ನನಗೆ ಕೇಳಿಸುತ್ತದೆ. ಹಾಲು ಉಕ್ಕುವ ಮೊದಲು ಪಾತ್ರೆ ಗುಟುರು ಹಾಕುವುದು ಕೇಳಿಸುತ್ತದೆ. ಅಡಿಗೆಮನೆಯಿಂದ ಟೀವಿ ಕಾಣುವುದಿಲ್ಲ, ಆದರೆ ಗೋಪುರವೆಲ್ಲ ನನಗೆ ಕಿವಿಯಲ್ಲೇ ಕಂಡಿತ್ತು. ಬಾವಲಿ ಬರುವ ಮುಂಚೆ ‘ಟಿಣಕ್ ಟಿಣಕ್’ ಅನ್ನುತ್ತದೆ. ಹಲಗೆ ಕುಸಿಯುವ ಮುಂಚೆ ಹಾಡು ಒಂದು ಗುಟುಕು ನುಂಗುತ್ತದೆ.

“ಈಗ ಬಗ್ಗಿ! ಈಗ ಹಾರಿ!” ಎಂದು ನಾನು ಒಗ್ಗರಣೆ ಹಾಕುತ್ತಲೇ ಕೂಗುವುದು, ಅವರು ಬಗ್ಗುವುದು, ಹಾರುವುದು. ಹಾಗೆಯೇ ಏಳನೇ ಮಹಡಿ ಮುಟ್ಟಿದರು. ಅವರೇ ಮುಟ್ಟಿದರು, ಪಟ್ಟಿಯಲ್ಲಿ ಹಾಗೇ ಇತ್ತು!

ಒಂದು ದಿನ ಅವರ ಹಳೆಯ ಸಹೋದ್ಯೋಗಿ ಗೋಪೀನಾಥರು ಕಾಫಿಗೆ ಬಂದಿದ್ದರು. ನಾನು ಒಳಗಿನಿಂದ “ಹಾರಿ!” ಅಂದೆ. ಗೋಪೀನಾಥರು ಬೆರಗಾದರು.

“ಏನ್ ಸಾರ್, ಅಮ್ಮಾವ್ರಿಗೂ ಆಟ ಬರುತ್ತಾ?”

“ಅವಳಿಗೇನ್ರೀ ಬರುತ್ತೆ? ರೇಡಿಯೋ ಇದ್ದ ಹಾಗೆ. ಒಳಗೊಂದು ಓಡ್ತಾ ಇರುತ್ತೆ, ಅಷ್ಟೆ!”

ಇಬ್ಬರೂ ನಕ್ಕರು. ನಾನು ಕಾಫಿ ತಂದಿಟ್ಟೆ. ಸಕ್ಕರೆ ಹಾಕಿರಲಿಲ್ಲ. ಅದು ಮರೆವಲ್ಲ.

ಮರುದಿನ ರೇಡಿಯೋ ಬಾಯಿ ಮುಚ್ಚಿತು. ಯಜಮಾನರು ಎರಡನೇ ಮಹಡಿಯಲ್ಲೇ ಹನ್ನೆರಡು ಸಲ ಬಿದ್ದರು.

“ಏನೇ, ಮೈಗೆ ಹುಷಾರಿಲ್ವಾ? ಬಾಯೇ ಬಿಡ್ತಿಲ್ಲ!”

“ಗಂಟಲು ಕಟ್ಟಿದೆ.”

ಶಪಥ ಮಾಡಿದ್ದು ಆವಾಗ. ಈ ಮನೆ ಅವರ ಹೆಸರಲ್ಲಿ. ಗ್ಯಾಸು, ಫೋನು, ಕರೆಂಟು, ಎಲ್ಲ ಅವರ ಹೆಸರಲ್ಲಿ. ನನ್ನ ತವರಿನವರು ಕೊಟ್ಟ ಸ್ಟೀಲು ಪಾತ್ರೆಗಳ ಮೇಲೂ ಅವರದೇ ಹೆಸರು ಕೊರೆಸಿದ್ದಾರೆ! ಆ ಪಟ್ಟಿಯಲ್ಲಿ ಒಂದು ಸಾಲು, ಒಂದೇ ಒಂದು ಸಾಲು, ನನ್ನದಾಗಬೇಕು. ಅದನ್ನು ಅವರು ಕಣ್ಣಾರೆ ನೋಡಬೇಕು.

ದಿನಾ ಮೂರರಿಂದ ಐದರವರೆಗೆ ಅವರು ವಾಚನಾಲಯಕ್ಕೆ ಹೋಗುತ್ತಾರೆ. ಆ ಎರಡು ಗಂಟೆ ನನ್ನ ಗುಪ್ತ ಗರಡಿ. ಮೊದಮೊದಲು ಆಟದ ಗುಂಡಿ ಒತ್ತಲು ಬೆರಳೇ ಬಗ್ಗಲಿಲ್ಲ. ಆಮೇಲೆ ಕಣ್ಣು ಮುಚ್ಚಿ ಆಡಿದೆ. ಕುಳ್ಳ ಸರಸರ ಹತ್ತಿದ! ಆದರೆ ಕಿವಿಯೆಲ್ಲ ಗೋಪುರದಲ್ಲಿದ್ದರೆ ಮನೆ ಗತಿಯೇನು? ಕುಕ್ಕರು ಕೂಗಿದ್ದನ್ನು ಬಾವಲಿ ಎಂದುಕೊಂಡು ಬಗ್ಗಿದೆ. ಬೇಳೆ ಇದ್ದಿಲಾಯಿತು. ಹಾಲು ಉಕ್ಕಿ ಒಲೆ ದಾಟಿ, ಕಟ್ಟೆ ದಾಟಿ, ಹೊಸಿಲ ತನಕ ಬಂತು. ಕೊನೆಗೆ ಮೂವತ್ತು ವರ್ಷದಲ್ಲಿ ಎಂದೂ ಆಗದ್ದು ಆಯಿತು: ಕಾವೇರಿ ಬಂದು ಹೋದದ್ದೇ ನನಗೆ ಕೇಳಿಸಲಿಲ್ಲ!

ಮಹಡಿ ಮೇಲೆ ಬಾಡಿಗೆಗಿರುವ ಕೊಪ್ಪಳದ ಕಡೆಯ ಶಂಕ್ರವ್ವ ಖಾಲಿ ಕೊಡ ಹಿಡಿದು ದಡದಡ ಇಳಿದು ಬಂದಳು.

“ಅವ್ವಾರ, ನೀರ್ ಬಂದ್ ಹೋದೂವಲ್ರಿ! ಸಂಪಿನ ವಾಲ್ ತಿರುವ್ಲಿಲ್ಲೇನ್ರಿ?” ಎನ್ನುತ್ತಾ ಒಳಗೆ ಬಂದವಳು ನನ್ನ ಕೈಯಲ್ಲಿದ್ದದ್ದನ್ನು ನೋಡಿ ಕೊಡ ಬಿಟ್ಟಳು. “ಯವ್ವಾ! ಈ ವಯಸ್ಸಿನ್ಯಾಗ ಏನ್ ಹಚ್ಚೀರಿ ಇದು!”

“ಬಾಯಿ ಮುಚ್ಕೊಂಡು ಕೂತ್ಕೊಳೇ. ಐದನೇ ಮಹಡಿ.”

ಕೂತಳು. ಮಾರನೆಯ ದಿನ ಚುರುಮುರಿ ಕಟ್ಟಿಕೊಂಡೇ ಬಂದಳು.

ಏಳನೇ ಮಹಡಿ ಮಾತ್ರ ಬಿಡಲಿಲ್ಲ. ಎಷ್ಟು ಹಾರಿದರೂ ಬೀಳುವುದೇ. ಒಂಬತ್ತು ದಿನ ಬಿದ್ದೆ. ಹತ್ತನೆಯ ದಿನ ಬೇಸತ್ತು ಕೈ ಬಿಟ್ಟು ಸುಮ್ಮನೆ ಕೂತೆ. ಕುಳ್ಳನೂ ಸುಮ್ಮನೆ ನಿಂತ. ಹಾಡು ಸುತ್ತಿತು, ಸುತ್ತಿತು, ಸುಸ್ತಾಗಿ ನಿಂತೇ ಹೋಯಿತು. ಬಾಗಿಲು ತಾನಾಗಿ ತೆರೆಯಿತು! ಅಲ್ಲಿ ಹಾರಬಾರದು, ಹಾಡು ಮುಗಿಯುವವರೆಗೆ ತೆಪ್ಪಗೆ ನಿಲ್ಲಬೇಕು. ತೆಪ್ಪಗೆ ನಿಲ್ಲುವುದರಲ್ಲಿ ನನ್ನನ್ನು ಮೀರಿಸುವವರು ಯಾರಿದ್ದಾರೆ?

ಆಯುಧಪೂಜೆ ಬಂತು. ನಮ್ಮ ಮನೆಯಲ್ಲಿ ಆ ದಿನ ಮಿಕ್ಸಿ, ಗ್ರೈಂಡರು, ಹೊಲಿಗೆ ಮೆಷಿನ್ನು, ಸ್ಕೂಟರು, ಯಜಮಾನರ ಸ್ಕ್ರೂಡ್ರೈವರು, ಎಲ್ಲಕ್ಕೂ ಗಂಧ, ಕುಂಕುಮ, ಹೂವು. ಅದಕ್ಕೊಂದು ಕಾನೂನೂ ಇದೆ. ಮದುವೆಯಾದ ಹೊಸದರಲ್ಲಿ ಉರಿಯುತ್ತಿದ್ದ ಟೇಬಲ್ ದೀಪಕ್ಕೆ ಒದ್ದೆ ಕೈಯಲ್ಲಿ ಕುಂಕುಮ ಇಟ್ಟು ಶಾಕ್ ಹೊಡೆಸಿಕೊಂಡು ಮೂಲೆಗೆ ಹಾರಿದ್ದೆ. ಅಂದು ಯಜಮಾನರು ನನ್ನ ಮುಂದೆ ನಿಂತು, ‘ಮೊದ್ಲು ಸ್ವಿಚ್ಚು, ಆಮೇಲೆ ಪಿನ್ನು, ಆಮೇಲೆ ಕುಂಕುಮ!’ ಎಂದು ನೂರೊಂದು ಸಲ ಹೇಳಿಸಿದ್ದರು. ಅಷ್ಟೋತ್ತರ ಮರೆತರೂ ಅದನ್ನು ನಾನು ಮರೆತಿಲ್ಲ.

ಬೆಳಿಗ್ಗೆಯೇ ಪೂಜೆ ಮುಗಿಸಿ ಅವರು ರಾಜಾಜಿನಗರಕ್ಕೆ, ಗೋಪೀನಾಥರ ಲೇತ್ ಶೆಡ್ಡಿನ ಪೂಜೆಗೆ ಹೊರಟರು. ಅವರ ಸ್ಕೂಟರು ತಿರುವು ದಾಟುವುದಕ್ಕೂ ನಾನು ಕ್ಯಾಸೆಟ್ಟು ಊದುವುದಕ್ಕೂ ಸರಿಹೋಯಿತು. ಪ್ರಭಾಗೆ ಫೋನು ಮಾಡಿ ಮೊದಲೇ ಕೇಳಿಟ್ಟುಕೊಂಡಿದ್ದೆ.

“ಮೂರೇ ಅಕ್ಷರ ಕಣಮ್ಮ. ಮೊದಲನೇದು ಎರಡು ಬೆಟ್ಟ, ಎರಡನೇದು ಲೋಟ, ಮೂರನೇದು ಒಂದು ಬೆಟ್ಟ ಪಕ್ಕದಲ್ಲೊಂದು ಕಂಬ. ಮುನ್ ಅಂತ ಆಗುತ್ತೆ.”

“ತಾಯಮ್ಮ?”

“ಅಷ್ಟು ಜಾಗ ಇಲ್ಲಮ್ಮ ಅಲ್ಲಿ.”

ಇರಲಿ. ಕಾಲು ಭಾಗ ಮುನಿತಾಯಮ್ಮನಾದರೂ ಸಾಕು.

ಕಣ್ಣು ಮುಚ್ಚಿದೆ. ಬಗ್ಗಿದೆ, ಹಾರಿದೆ, ಏಳರಲ್ಲಿ ತೆಪ್ಪಗೆ ನಿಂತೆ. ಎಂಟನೇ ಮಹಡಿಯಲ್ಲಿ ಗಾಳಿ ಬೀಸುವ ಸದ್ದು ಬಿಟ್ಟರೆ ಏನೂ ಇಲ್ಲ. ಥೇಟ್ ನಮ್ಮ ಪೈಪಿನ ಉಸಿರು! ಆ ಉಸಿರು ನಿಂತ ಗಳಿಗೆಗೆ ಸರಿಯಾಗಿ ಹಾರಿದೆ. ಢಣ್!

“ಹೊಡದ್ರೀ ಅವ್ವಾರ! ಗಂಟಿ ಹೊಡದ್ರೀ!” ಶಂಕ್ರವ್ವ ಚುರುಮುರಿ ಎರಚಿಬಿಟ್ಟಳು.

ಕುಳ್ಳ ಏಣಿ ಇಳಿಸಿ, ಮೆಟ್ಟಿಲ ಮೇಲೆ ಕೂತು, ಬುತ್ತಿ ಬಿಚ್ಚಿ ಉಣ್ಣತೊಡಗಿದ. ಅವನನ್ನು ನೋಡಿ ನನಗೆ ಯಾಕೋ ಕಣ್ಣು ತುಂಬಿತು. ಆಮೇಲೆ ಪಟ್ಟಿ ಬಂತು. ಎರಡು ಬೆಟ್ಟ. ಲೋಟ. ಬೆಟ್ಟ, ಕಂಬ. ಎಲ್ಲಕ್ಕಿಂತ ಮೇಲೆ, ಕೆಂಪಗೆ, ನಾನು!

ಇನ್ನು ಅವರು ಬರುವವರೆಗೆ ಕಾಯುವುದಷ್ಟೇ. ಕಾಯುತ್ತಾ ಕೂತವಳಿಗೆ ಮನಸ್ಸು ಕುಟುಕಿತು. ಅಲ್ಲ, ಸ್ಕ್ರೂಡ್ರೈವರಿಗೂ ಪೂಜೆಯಾಯಿತು. ಇಡೀ ಮನೆಯಲ್ಲಿ ನನ್ನದು ಅಂತ ಇರುವುದು ಇದೊಂದೇ ಆಯುಧ, ಇದು ಬರೀ ಹಣೆಯಲ್ಲಿ ಕೂತಿದೆಯಲ್ಲ! ಎದ್ದೆ. ಗಂಧ ತೇಯ್ದೆ. ಸೇವಂತಿಗೆ ತಂದೆ. ಬಾಳೆಕಂದು ಒರಗಿಸಿದೆ. ನಿಂಬೆಹಣ್ಣು ಕೊಯ್ದೆ. ಪೆಟ್ಟಿಗೆಯ ಮುಂದೆ ಭಕ್ತಿಯಿಂದ ನಿಂತು, ಕಣ್ಣು ಮುಚ್ಚಿ, ನಲವತ್ತು ವರ್ಷದ ಮಂತ್ರ ಹೇಳಿದೆ:

“ಮೊದ್ಲು ಸ್ವಿಚ್ಚು...”

ಟಪ್!

ಪಿನ್ನೂ ಕಿತ್ತೆ. ಕುಂಕುಮವನ್ನೂ ಇಟ್ಟೆ. ಕೈಗೆ ಎಲ್ಲ ಬಾಯಿಪಾಠ. ನನ್ನನ್ನೊಂದು ಮಾತು ಕೇಳಲಿಲ್ಲ.

“ಅವ್ವಾರ,” ಶಂಕ್ರವ್ವ ಮೆತ್ತಗೆ ಕೇಳಿದಳು, “ನಿಮ್ ಹೆಸರು ಎಲ್ಲಿ ಹೋತ್ರಿ?”

ಯಜಮಾನರು ಕಡ್ಲೆಪುರಿ ಪೊಟ್ಟಣ ಹಿಡಿದು ಬಂದಾಗ ನಾನು ಕತ್ತಲೆ ಟೀವಿಯ ಮುಂದೆ, ಕೈಯಲ್ಲಿ ಮಂಗಳಾರತಿ ತಟ್ಟೆ ಹಿಡಿದು ಹಾಗೇ ಕೂತಿದ್ದೆ. ನಡೆದದ್ದೆಲ್ಲ ಹೇಳಿದೆ. ಅವರು ಒಂದು ಕಣ್ಣು ಮುಚ್ಚಿ ನನ್ನನ್ನು ನೋಡಿದರು.

“ನೀನು? ಮುಗಿಸಿದ್ಯಾ? ಸಾಕ್ಷಿ?”

“ನಾ ನೋಡೀನ್ರಿ ಯಜಮಾನ್ರ! ಕೆಂಪಗ ಬರ್ದಿತ್ರಿ!”

“ಏನಂತ ಬರ್ದಿತ್ತು?”

“ನನಗ ಓದಾಕ ಬರೂದಿಲ್ರಿ.”

ಯಜಮಾನರು ಹೊಟ್ಟೆ ಹಿಡಿದುಕೊಂಡು ನಕ್ಕರು. “ಹೋಗ್ಲಿ ಬಿಡೇ. ಸ್ವಿಚ್ ಆರಿಸಿ ಪೂಜೆ ಮಾಡಿದ್ಯಲ್ಲ, ಅಷ್ಟು ಸಾಕು. ಇಷ್ಟು ವರ್ಷಕ್ಕೆ ನನ್ನ ಮಾತು ಒಂದಾದ್ರೂ ಕೇಳಿದ್ಯಲ್ಲ!”

ಆಗ ನನಗೆ ತಡೆಯಲಿಲ್ಲ. “ಏಳನೇ ಮಹಡೀಲಿ ಹಾರ್ಬೇಡಿ. ಹಾಡು ನಿಲ್ಲೋ ತನಕ ಸುಮ್ನೆ ನಿಂತ್ಕೊಳಿ. ನಿಮಗೆ ಆದ್ರೆ!” ಎಂದು ಹೇಳಿ ಅಡಿಗೆಮನೆಗೆ ನಡೆದೆ.

ಮರುದಿನ ಬೆಳಿಗ್ಗೆ ನಾನು ಒಳಗಿನಿಂದ ಎಲ್ಲ ಕೇಳಿಸಿಕೊಂಡೆ. ಎಷ್ಟೋ ಸಲ ಬಿದ್ದು ಎದ್ದು, ಹತ್ತು ಗಂಟೆಯ ಹೊತ್ತಿಗೆ ಏಳನೇ ಮಹಡಿ ಮುಟ್ಟಿದರು. ಹಾಡು ಸುತ್ತಿತು, ಸುತ್ತಿತು, ನಿಂತಿತು. ಬಾಗಿಲು ತೆರೆದ ಸದ್ದು. ಆಮೇಲೆ ಬಹಳ ಹೊತ್ತು ಏನೂ ಇಲ್ಲ, ಬರೀ ಗಾಳಿ. ಕುಳ್ಳ ಎಂಟರಿಂದ ಬಿದ್ದದ್ದೂ ಕೇಳಿಸಿತು. ಮತ್ತೆ ಸ್ವಿಚ್ಚಿನ ಸದ್ದು. ಕೊನೆಗೆ ಪೆನ್ನಿನ ಸದ್ದು.

ಕರೆಯುತ್ತಾರೆ ಎಂದು ಕಾದೆ. ‘ಶಹಬ್ಬಾಸ್ ಕಣೇ’ ಅನ್ನದಿದ್ದರೂ, ಹೆಸರು ಹಿಡಿದು ಒಂದು ಸಲ ಕರೆದರೆ ಸಾಕಿತ್ತು. ಚಪ್ಪಲಿ ಮೆಟ್ಟಿಕೊಂಡು ವಾಚನಾಲಯಕ್ಕೆ ಹೊರಟುಹೋದರು, ಅದೂ ಹತ್ತೂವರೆಗೆ!

ಕೈ ಒರೆಸಿಕೊಂಡು ಬಂದು ನೋಟ್‌ಬುಕ್ಕು ತೆಗೆದೆ. ನನ್ನ ನಾಲ್ಕನೇ ಕ್ಲಾಸಿನ ಕನ್ನಡದಲ್ಲಿ ಒಂದೊಂದೇ ಅಕ್ಷರಕ್ಕೆ ಬೆರಳಿಟ್ಟು ಓದಿದೆ. ‘ಅತ್ಯುತ್ತಮ ಮಾಲು, ಬುದ್ಧಿವಂತರಿಗೆ ಮಾತ್ರ’ ಎಂಬುದನ್ನು ಸ್ಕೇಲಿಟ್ಟು ನೀಟಾಗಿ ಹೊಡೆದುಹಾಕಿದ್ದರು. ಅದರ ಕೆಳಗೆ ಹೊಸದಾಗಿ ಬರೆದಿತ್ತು:

‘ಗಂಟೆಗೋಪುರ. ಮರುಪರಿಶೀಲನೆ. ತೀರಾ ಸುಲಭದ ಆಟ. ಮನೆಯ ಹೆಂಗಸರೂ ಮುಗಿಸುತ್ತಾರೆ. ರಿಜೆಕ್ಟ್.’

ನಲವತ್ತು ವರ್ಷದ ಸಂಸಾರದಲ್ಲಿ ಅವರು ನನ್ನ ಬಗ್ಗೆ ಬರೆದದ್ದು ಅದೊಂದೇ ಸಾಲು. ಎರಡೆರಡು ಸಲ ಬೆರಳಿಟ್ಟು ಹುಡುಕಿದೆ ಕಣ್ರೀ. ಅದರಲ್ಲೂ ನನ್ನ ಹೆಸರಿಲ್ಲ!