ತಂಪು ಕೇಳುವ ಈಸ್ಟ್

ಬಾಡಿಗೆ ಮನೆಯಲ್ಲಿ ಕದ್ದು ಬಿಯರ್ ಮಾಡಲು ಹೊರಟವನಿಗೆ ಫಜೀತಿಗಳು ತಾವಾಗಿಯೇ ವಿಳಾಸ ಹುಡುಕಿಕೊಂಡು ಬರುತ್ತವೆ. ಎರಡು ಸಾವಿರದ ಇಸವಿಯ ಆಚೀಚೆ ನಾನು ಧಾರವಾಡದ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದೆ. ಸಪ್ತಾಪುರದ ಹಳೆಯ ಮನೆಯೊಂದರ ಮಹಡಿಯಲ್ಲಿ ವಾಸ. ಕೆಳಗೆ ಮಾಲೀಕರು, ಅಬಕಾರಿ ಇಲಾಖೆಯ ನಿವೃತ್ತ ಇನ್ಸ್‌ಪೆಕ್ಟರು. ಜೊತೆಗೆ ಅವರ ಹೆಂಡತಿ, ಓಣಿಯವರೆಲ್ಲ ಚಿಕ್ಕಮ್ಮನೆಂಬಂತೆ ಕಾಕು ಎನ್ನುತ್ತಿದ್ದ ಶಿವಭಕ್ತೆ. ಸಿಕ್ಕಿಬಿದ್ದರೆ ಮೊದಲು ಮನೆ ಹೋಗುತ್ತಿತ್ತು, ಆಮೇಲೆ ನೌಕರಿ.

೧. ಬೇಕರಿಯಲ್ಲಿ

ಲಂಡನ್ನಿನಿಂದ ಬಂದ ಗೆಳೆಯ ಮನೆಯಲ್ಲೇ ಲಾಗರ್ ಬಿಯರ್ ಮಾಡುವ ಕಿಟ್ ಕೊಟ್ಟಿದ್ದ: ಒಂದು ಡಬ್ಬಿ ಮಾಲ್ಟಿನ ಪಾಕ, ಒಂದು ಪೊಟ್ಟಣ ಈಸ್ಟ್. ಪೊಟ್ಟಣ ದಾರಿಯಲ್ಲೇ ಒಡೆದು ತೇವ ಹಿಡಿದಿತ್ತು. ಲಾಗರಿಗೆ ಬೇಕಾದದ್ದು ತಂಪಿನಲ್ಲಿ ನಿಧಾನವಾಗಿ ಹುದುಗಿಸುವ ಈಸ್ಟ್. ಹುಬ್ಬಳ್ಳಿಯ ಕಮರಿಪೇಟೆಯ ಬೇಕರಿಯೊಂದರಲ್ಲಿ ವಿಚಾರಿಸಿದೆ. ತನ್ನ ಈಸ್ಟ್ ಬೆಚ್ಚಗಿದ್ದರೆ ಮಾತ್ರ ನಡೆಯುತ್ತದೆ ಎಂದ ಬೇಕರಿಯವ. ನನಗೆ ಥಂಡಿಯಲ್ಲೂ ಕೆಲಸ ಮಾಡುವಂಥದ್ದೇ ಆಗಬೇಕೆಂದೆ.

"ಥಂಡ್ಯಾಗ ಕೆಲಸಾ ಮಾಡೋವು ಎಲ್ಲೆರೆ ಸಿಕ್ರ ನನಗೂ ಹೇಳ್ರಿ ಸರ್, ನನ್ನ ಆಳುಗಳನ್ನ ಬಿಡಿಸಿ ಅವನ್ನ ಇಟ್ಕೋತೇನಿ" ಎಂದ.

೨. ಹನ್ನೆರಡು ಡಿಗ್ರಿ

ಕೊನೆಗೆ ಗೆಳೆಯನೇ ಇನ್ನೊಂದು ಪೊಟ್ಟಣ ಅಂಚೆಯಲ್ಲಿ ಕಳಿಸಿದ. ಅದರ ಮೇಲೆ ಹನ್ನೆರಡು ಡಿಗ್ರಿ ಎಂದು ಬರೆದಿತ್ತು. ನನ್ನ ಖೋಲಿ ಡಿಸೆಂಬರಿನಲ್ಲೂ ಇಪ್ಪತ್ತೈದು. ಪಾಕಕ್ಕೆ ನೀರು, ಈಸ್ಟ್ ಬೆರೆಸಿ ಮುಚ್ಚಿಟ್ಟ ಬಕೆಟ್ಟಿಗೆ ಗೋಣಿಚೀಲ ಸುತ್ತಿ ನೀರು ಚಿಮುಕಿಸುತ್ತಿದ್ದಾಗ ಕಾಕು ಬಂದರು. ಕಾಲೇಜಿನ ಪ್ರಯೋಗ, ತಂಪು ಬೇಕು ಎಂದೆ. ಅವರಿಗೆ ಕನಿಕರ ಹುಟ್ಟಿತು. ನಾನು ಬೇಡವೆನ್ನುವಷ್ಟರಲ್ಲಿ ಬಕೆಟ್ಟನ್ನು ಕೆಳಗಿಳಿಸಿ, ದಪ್ಪ ಗೋಡೆಯ, ಕಲ್ಲು ಹಾಸಿದ, ಬಿಸಿಲೇ ಕಾಣದ ಕೋಣೆಯಲ್ಲಿ ಇರಿಸಿದರು. ಅದು ಮಾಲೀಕರು ದಿನವೂ ಪೂಜೆಗೆ ಕೂರುವ ದೇವರ ಮನೆ!

ಮರುದಿನ ನೋಡಿದರೆ ಬಕೆಟ್ಟಿಗೆ ವಿಭೂತಿ ಹಚ್ಚಿ ಸೇವಂತಿಗೆ ಏರಿಸಿದ್ದರು. ಬಿಯರು ಹದಿನೇಳು ಡಿಗ್ರಿಗಷ್ಟೇ ಇಳಿದಿತ್ತು. ನನ್ನ ಕೈಕಾಲು ಅದಕ್ಕಿಂತ ತಣ್ಣಗಾದವು.

೩. ಪೂಜೆ ಮುಗಿದ ಮೇಲೆ

ವಾರ ಕಳೆದು ಒಂದು ಮುಂಜಾನೆ ಮಾಲೀಕರು ಕರೆದರು. ದೇವರ ಮನೆಯಲ್ಲಿ ನೊರೆ ಉಕ್ಕಿ, ಮುಚ್ಚಳ ಎದ್ದು, ನೆಲವೆಲ್ಲ ಹಸಿಯಾಗಿತ್ತು. ಬೆರಳದ್ದಿ ರುಚಿ ನೋಡಿದ್ದಾರೆಂದು ಅವರ ಮುಖವೇ ಹೇಳುತ್ತಿತ್ತು. ಮನೆ ಖಾಲಿ ಮಾಡುತ್ತೇನೆ, ಕಾಲೇಜಿಗೆ ಮಾತ್ರ ತಿಳಿಸಬೇಡಿ ಎಂದು ಬೇಡಿಕೊಂಡೆ.

ಅಷ್ಟರಲ್ಲಿ ಅಡುಗೆಮನೆಯಿಂದ ಕಾಕು ಏನಾಯಿತೆಂದು ಕೇಳಿದರು. ಪ್ರಯೋಗ ಕೆಟ್ಟಿದೆ, ಚೆಲ್ಲುತ್ತಾರಂತೆ ಎಂದರು ಮಾಲೀಕರು. ಪೂಜೆಯಾದದ್ದನ್ನು ತುಳಿಯುವ ಕಡೆ ಚೆಲ್ಲಬಾರದು, ಬಿಲ್ವದ ಗಿಡದ ಬುಡಕ್ಕೆ ಹಾಕಿ ಎಂದು ಒಳಗಿನಿಂದಲೇ ಅಪ್ಪಣೆಯಾಯಿತು. ಊರೂರಿನ ಕಳ್ಳಭಟ್ಟಿ ಒಡೆದ ಇನ್ಸ್‌ಪೆಕ್ಟರು ತಂಬಿಗೆ ಹಿಡಿದು ನನ್ನ ಬಿಯರನ್ನು ಭಕ್ತಿಯಿಂದ ಗಿಡಕ್ಕೆ ಎರೆದರು. ಆಮೇಲೆ ನನ್ನ ಕಿವಿಯ ಹತ್ತಿರ ಬಂದರು.

"ಮನಿ ಬಿಡಬ್ಯಾಡ್ರಿ. ಆದ್ರ ಅಬಕಾರಿಯವ ಒಂದ ವಾರ ಬೀರಿನ ಮುಂದ ಕುಂತು ಲಿಂಗಪೂಜಿ ಮಾಡಿದಾ, ವಾಸನೀನ ಹತ್ತಲಿಲ್ಲಾ ಅಂತ ಯಾರಿಗರೆ ಹೇಳಿದ್ರಿ ಅಂದ್ರ, ಅವತ್ತ ಖಾಲಿ ಮಾಡಸ್ತೇನಿ."