ಮಾರಿದರೂ ಮಾರಾಟವಾಗದ ಲೈಸೆನ್ಸು

ಆಸ್ಪತ್ರೆಗೆ ಸೇರುವ ಹಿಂದಿನ ದಿನ ಬೆಳಿಗ್ಗೆಯೂ ನಮ್ಮ ಮನೆಯವರು ಸೊಪ್ಪಿನ ಕಟ್ಟು ಬಿಚ್ಚಿ ನೋಡಿಯೇ ಕೊಂಡರು.

"ಯಾಕ್ಸಾರ್, ಒಳಗೆ ಚಿನ್ನ ಐತಾ?" ಎಂದಳು ಸೊಪ್ಪಿನವಳು.

"ಹುಲ್ಲಿದೆ" ಎಂದು ಇವರು ಎರಡು ಎಳೆ ಗರಿಕೆ ಎಳೆದು ತೋರಿಸಿದರು. ಮುಖದಲ್ಲಿ ಎಂಥ ಆನಂದ! ಇವರಷ್ಟು ಅನುಮಾನದ ಮನುಷ್ಯ ಇಡೀ ಬೆಂಗಳೂರಿನಲ್ಲಿ ಇನ್ನೊಬ್ಬರಿರಲಿಲ್ಲ. ಇದ್ದರೆ ಅದು ನಾನೇ. ಏಕೆಂದರೆ ಇಂಥವರನ್ನೇ ನಾನೊಮ್ಮೆ ಅನುಮಾನಿಸಿದ್ದೆ. ಅದು ಅವರಿಗೆ ಗೊತ್ತಿರಲಿಲ್ಲ.

ತಪ್ಪೆಲ್ಲ ಅವರ ಕೆಲಸದ್ದು. ವೈಟ್‌ಫೀಲ್ಡಿನ ಅವರ ಕಂಪನಿ ಕಾರ್ಖಾನೆಗಳಿಗೆ ಸಾಫ್ಟ್‌ವೇರ್ ಮಾರುತ್ತಿತ್ತು. ಆಗೆಲ್ಲ ಅದು ಸಿ.ಡಿ.ಯಲ್ಲಿ, ಪೆಟ್ಟಿಗೆಯೊಳಗೆ ಹೋಗುತ್ತಿತ್ತು. ಲೈಸೆನ್ಸ್ ಮಾರಿದ್ದನ್ನು ಯಾವತ್ತು ಆದಾಯವೆಂದು ಬರೆದುಕೊಳ್ಳಬಹುದು ಎಂದು ತೀರ್ಮಾನಿಸುವುದು ಇವರ ಕೆಲಸ. ಮಾರಿದ ದಿನವೇ ಅಲ್ಲವೇ? ಏಳನೇ ಕ್ಲಾಸು ಓದಿದ ನನಗೆ ಬೇರೇನು ತೋಚೀತು! ಅವರು ಒಂದೊಂದೇ ಬೆರಳು ಮಡಚಿದರು.

"ಸಹಿ ಆಗಿರ್ಬೇಕು, ಮಾಲು ಕೈ ಸೇರಿರ್ಬೇಕು, ಬೆಲೆ ಖಚಿತವಾಗಿರ್ಬೇಕು, ದುಡ್ಡು ಬರೋ ಹಾಗಿರ್ಬೇಕು. ಒಂದು ಬೆರಳು ಎದ್ದಿದ್ರೂ ಅದು ಮಾರಾಟ ಅಲ್ಲ ಕಣೇ."

ಮಾರ್ಚ್ ಕೊನೆಯ ದಿನ ಸೇಲ್ಸಿನವರು ಮನೆಗೇ ಬಂದು ಗೋಗರೆಯುತ್ತಿದ್ದರು.

"ಸಾರ್, ಸೈನ್ ಆಗಿದೆ, ಹಾಕ್ಕೊಂಡ್ಬಿಡಿ."

"ಸಾಫ್ಟ್‌ವೇರ್ ತೆರೆಯೋ ಕೀ ನಂಬರ್ ಅವರಿಗೆ ಕೊಟ್ರಾ?"

"ನಾಳೆ ಕೊಡ್ತೀವಿ ಸಾರ್."

"ಹಾಗಾದ್ರೆ ಆದಾಯಾನೂ ನಾಳೆ."

ನಾಳೆ ಎಂದರೆ ಏಪ್ರಿಲ್. ಕಂಪನಿಯ ಲೆಕ್ಕದಲ್ಲಿ ಮುಂದಿನ ವರ್ಷ!

ಮಾರ್ಚ್ ಬಂತೆಂದರೆ ಇನ್ನೊಂದು ವಿಚಿತ್ರ. ಶನಿವಾರ ರಜೆಯಿದ್ದರೂ ಇಸ್ತ್ರಿ ಶರಟು ತೊಟ್ಟು ಎಲ್ಲಿಗೋ ಹೊರಡುತ್ತಿದ್ದರು. ಕೇಳಿದರೆ "ಆಫೀಸಿನ ಗುಟ್ಟು." ಒಮ್ಮೆ ಬಟ್ಟೆ ಒಗೆಯುವಾಗ ಜೇಬಿನಲ್ಲಿ ಮಾಕಳಿಯ ಬಸ್ ಟಿಕೆಟ್ ಸಿಕ್ಕಿತು. ಆಫೀಸು ಊರಿನ ಈ ತುದಿ, ಮಾಕಳಿ ಆ ತುದಿ!

"ರಜಾ ದಿನ ಇಸ್ತ್ರಿ ಯಾಕಂತೆ? ಒಸಿ ನೋಡ್ಕೊಳಮ್ಮಾ" ಎಂದರು ಪಟ್ಟಂದೂರು ಅಗ್ರಹಾರದ ನಮ್ಮ ಮನೆ ಓನರಮ್ಮ.

ಮುಂದಿನ ಶನಿವಾರ ಹಿಂಬಾಲಿಸಿದೆ. ಬಸ್ಸಿನಲ್ಲಿ ಹೆಂಗಸರ ಸೀಟು ಮುಂದೆ, ಗಂಡಸರದು ಹಿಂದೆ. ನಮ್ಮ ಹಿಂದೆ ಕೂತವರನ್ನು ಹಿಂಬಾಲಿಸುವುದು ಹೇಗೆ, ನೀವೇ ಹೇಳಿ! ತಲೆ ತುಂಬ ಸೆರಗು ಹೊದ್ದು, ಬಸ್ಸು ಬದಲಿಸಿ, ಬೆವರು ಸುರಿಸುತ್ತಾ ಮಾಕಳಿಯಲ್ಲಿ ಇಳಿದೆ.

ಇವರು ಹೋಗಿದ್ದು ಬೋಲ್ಟು ಮಾಡುವ ಒಂದು ಸಣ್ಣ ಕಾರ್ಖಾನೆಗೆ. ಬಾಗಿಲ ಬಳಿ ನಿಂತು ಕಿವಿಗೊಟ್ಟೆ. ಮಾಲೀಕ ಹೇಳುತ್ತಿದ್ದ: "ಪೆಟ್ಗೆ ಬಂದೈತೆ ಸಾರ್, ಸೈನೂ ಹಾಕಿವ್ನಿ. ಆದ್ರೆ ಇಷ್ಟ ಆಗ್ಲಿಲ್ಲ ಅಂದ್ರೆ ಜೂನ್‌ನಾಗೆ ವಾಪಸ್ ತಗೊಂತೀವಿ ಅಂತ ನಿಮ್ಮೋರೇ ಬಾಯ್ಮಾತ್ನಾಗೆ ಅಂದವ್ರೆ."

ಕಾಗದದಲ್ಲಿಲ್ಲದ ಆ ಮಾತನ್ನು ಹಿಡಿಯಲೆಂದೇ ಇವರು ಅಷ್ಟು ದೂರ ಬಂದಿದ್ದರು! ತಿರುಗಿದರು, ನನ್ನನ್ನು ಕಂಡರು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

"ಬಂದ್ಯಾ? ಒಳ್ಳೇದಾಯ್ತು. ಇವರು ಹೇಳಿದ್ದು ನೀನೂ ಕೇಳಿಸ್ಕೊಂಡೆ ತಾನೆ? ಒಬ್ರು ಸಾಕ್ಷಿ ಬೇಕಿತ್ತು."

ಆ ಮಾರಾಟ ಆ ವರ್ಷದ ಆದಾಯದಿಂದ ಹೋಯಿತು. ಜೊತೆಗೆ ಇವರ ಬೋನಸ್ಸೂ!

ಆಮೇಲೆ ಎಷ್ಟೋ ವರ್ಷ ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದರು: "ಆ ಬಿಸಿಲಲ್ಲಿ ನಂಗೆ ಜೊತೆಯಾಗ್ಲಿ ಅಂತ ಮಾಕಳಿವರೆಗೂ ಬಂದ್ಲು ಇವಳು." ನಾನು ಕಾಫಿ ತರುವ ನೆಪದಲ್ಲಿ ಒಳಗೆ ಹೋಗಿಬಿಡುತ್ತಿದ್ದೆ. ಎಲ್ಲರಿಗೂ ನಾಲ್ಕು ಪ್ರಶ್ನೆ ಹಾಕಿದ ಮನುಷ್ಯ, ಅಲ್ಲಿಗೆ ನೀನೇಕೆ ಬಂದೆ ಎಂದು ನನ್ನನ್ನು ಒಮ್ಮೆಯೂ ಕೇಳಲಿಲ್ಲ.

ಆಸ್ಪತ್ರೆಯಲ್ಲಿ ಮೂರು ದಿನ ಪಕ್ಕದಲ್ಲೇ ಕೂತಿದ್ದೆ. ಮೊದಲ ದಿನ ಚೆನ್ನಾಗಿ ಮಾತಾಡುತ್ತಿದ್ದರು. ಮನೆಗೆ ಹೋದ ಮೇಲೆ ಹೇಳೋಣ ಎಂದುಕೊಂಡೆ. ಅವರು ಮನೆಗೆ ಬರಲೇ ಇಲ್ಲ.

ನಿಮ್ಮನ್ನು ಅನುಮಾನಿಸಿ ಬಂದಿದ್ದೆ ರೀ, ಎಂದು ನಾನು ಅವರಿಗೆ ಹೇಳಲಿಲ್ಲ.